ಗದಗಿನ ಕಲೆಯನ್ನು ಎಲ್ಲಿ ನೋಡಬೇಕು?

ನನ್ನ ತಂಗಿಯ ಮಗ ಬೆಂಗಳೂರಿನಲ್ಲಿರುವವನು. ಕಚೇರಿಯ ಕೆಲಸದ ಮೇಲೆ ಹುಬ್ಬಳ್ಳಿಗೆ ಬಂದವನು ಎರಡು ದಿನ ರಜೆ ಹಾಕಿ ಗದಗಿಗೆ ಬಂದಿಳಿದ. ಅವನಿಗೆ ಚಿತ್ರಗಳ ಹುಚ್ಚು. ಯಾವ ಊರಿಗೆ ಹೋದರೂ ಊಟದ ಮನೆಯನ್ನು ಹುಡುಕುವುದಕ್ಕೆ ಮೊದಲು ಚಿತ್ರಶಾಲೆಯನ್ನು ಹುಡುಕುವ ಜಾತಿ. ರೈಲು ನಿಲ್ದಾಣದ ಹೊರಗೆ ನಿಂತು ಆಟೋದವನನ್ನು, "ಇಲ್ಲಿ ಚಿತ್ರ ನೋಡುವುದಕ್ಕೆ ಒಳ್ಳೆಯ ಜಾಗ ಯಾವುದು?" ಎಂದು ಕೇಳಿದನಂತೆ. ಆಟೋದವನು ಸಜ್ಜನ. "ಯಾವ ಪಿಕ್ಚರ್ ನೋಡ್ತೀರಿ ಸರ? ಲಗೂನ ಹೋದ್ರ ಮ್ಯಾಟಿನಿ ಸಿಗತೈತಿ" ಎಂದು ಗಾಡಿ ಚಾಲೂ ಮಾಡಿಯೇಬಿಟ್ಟನಂತೆ.

ಹುಡುಗ ಮನೆಗೆ ಬಂದು ಈ ಕಥೆಯನ್ನು ಹೇಳಿ, "ಏನು ಮಾಮಾ, ನಿಮ್ಮೂರಲ್ಲಿ ಚಿತ್ರ ಅಂದರೆ ಸಿನಿಮಾ ಒಂದೇನಾ?" ಎಂದು ನಕ್ಕ. ನಾವೂ ನಕ್ಕೆವು. ಆದರೆ ರಾತ್ರಿ ಮಲಗಿದ ಮೇಲೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆಟೋದವನು ತಪ್ಪು ತಿಳಿದದ್ದು ಸಹಜ. ಅದೇ ಪ್ರಶ್ನೆಯನ್ನು ಹುಡುಗ ನನ್ನನ್ನೇ ಕೇಳಿದ್ದರೆ ನಾನು ಏನು ಹೇಳುತ್ತಿದ್ದೆ? ತ್ರಿಕೂಟೇಶ್ವರ ಎನ್ನುತ್ತಿದ್ದೆ, ವೀರನಾರಾಯಣ ಎನ್ನುತ್ತಿದ್ದೆ, ಲಕ್ಕುಂಡಿ ಎನ್ನುತ್ತಿದ್ದೆ. ಅಂದರೆ ಕಲೆ ಎಂದಾಗ ನನ್ನ ನಾಲಗೆಯ ಮೇಲೆ ಬರುವುದು ಎಂಟುನೂರು ಒಂಬೈನೂರು ವರ್ಷಗಳ ಹಿಂದಿನ ಕಲ್ಲು. ಅದರ ಈಚೆಗೆ ಈ ನೆಲದಲ್ಲಿ ಯಾರೂ ಗೆರೆ ಎಳೆಯಲಿಲ್ಲವೆ, ಬಣ್ಣ ಕಲಸಲಿಲ್ಲವೆ? ಆಟೋದವನಿಗೂ ನನಗೂ ವ್ಯತ್ಯಾಸವಾದರೂ ಏನು?

ಈ ಎರಡು ದಿನಗಳ ತಿರುಗಾಟದಲ್ಲಿ ನನಗೆ ತೋರಿದ ಕೆಲವು ಮಾತುಗಳನ್ನು ವಾಚಕರ ಮುಂದಿಡುವುದು ಈ ಬರಹದ ಉದ್ದೇಶ. ಇದು ಯಾತ್ರಿಕರಿಗೆ ಬರೆದ ಕೈಪಿಡಿಯಲ್ಲ. ನಾವು ಕಲೆಯನ್ನು ನೋಡುವ ರೀತಿಯನ್ನೇ ಒಂದಿಷ್ಟು ವಿಮರ್ಶೆಗೆ ಒಳಪಡಿಸಬೇಕೆಂಬ ಹಂಬಲ, ಅಷ್ಟೆ.

ಮೊದಲು ಎಲ್ಲರೂ ತೋರಿಸುವ ಸ್ಥಳದಿಂದಲೇ ಹೊರಟೆವು. ತ್ರಿಕೂಟೇಶ್ವರನ ಆವರಣದಲ್ಲಿರುವ ಸರಸ್ವತಿಯ ಗುಡಿಗೆ ಹೋದೆವು. ಅಲ್ಲಿಯ ದೇವಿಯ ವಿಗ್ರಹ ಭಿನ್ನವಾಗಿದೆ. ಆದರೆ ಮಂಟಪದ ಕಂಬಗಳು ಇಂದಿಗೂ ಎದ್ದು ನಿಂತಿವೆ. ಅಲ್ಲಿ ನಮಗಿಂತ ಮುಂಚೆ ಒಂದು ಗುಂಪು ಬಂದಿತ್ತು. ಅವರನ್ನು ಕರೆತಂದವನು, "ನೋಡಿರಿ, ಮಿಷನ್ನಿನ್ಯಾಗ ತಿರುವಿಧಾಂಗ ಐತಿ" ಎಂದ. ಎಲ್ಲರೂ ತಲೆದೂಗಿದರು, ಚಿತ್ರ ಹಿಡಿದುಕೊಂಡರು, ಹೊರಟರು. ಐದು ನಿಮಿಷದ ಕೆಲಸ.

ಈ ಹೊಗಳಿಕೆಯಲ್ಲಿ ಒಂದು ಸೂಕ್ಷ್ಮವಾದ ಅವಮಾನ ಅಡಗಿದೆಯೆಂದು ನನ್ನ ಭಾವನೆ. ಯಂತ್ರ ಮಾಡಿದಂತೆ ಇದೆ ಎಂಬುದೇ ಕೈಗೆಲಸಕ್ಕೆ ನಾವು ಕೊಡಬಲ್ಲ ಅತ್ಯುಚ್ಚ ಬಿರುದಾದರೆ, ಕೈಗೆ ಉಳಿದದ್ದೇನು? ಕಂಬವನ್ನು ತಿರುಗಣೆಗೆ ಹಾಕಿ ದುಂಡಗೆ ಕಡೆಯುವುದು ಚಾಳುಕ್ಯರ ಕಾಲದ ಶಿಲ್ಪಿಗಳಿಗೆ ಗೊತ್ತಿದ್ದ ವಿದ್ಯೆಯೇ. ಅದು ತಯಾರಿ ಮಾತ್ರ. ಕಲೆ ಅಲ್ಲಿಂದ ಮುಂದೆ ಪ್ರಾರಂಭವಾಗುತ್ತದೆ. ಸರಸ್ವತಿಯ ಗುಡಿಯ ಕಂಬಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು ನೋಡಬೇಕು. ಒಂದು ದುಂಡು, ಇನ್ನೊಂದು ಮೂಲೆಮೂಲೆಯಾಗಿ ಒಡೆದದ್ದು; ಒಂದರ ಮೈ ತುಂಬ ಕೆತ್ತನೆ, ಇನ್ನೊಂದರಲ್ಲಿ ಕೆತ್ತನೆಗಿಂತ ನುಣುಪಿಗೇ ಹೆಚ್ಚು ಬೆಲೆ. ಮಾಡಿದವರಿಗೆ ಪುನರುಕ್ತಿ ಬೇಸರ ತಂದಿತ್ತು ಎನ್ನುವುದು ಸ್ಪಷ್ಟ. ಯಂತ್ರಕ್ಕೆ ಬೇಸರವೆಂಬುದಿಲ್ಲ. ಬೇಸರವಾಗುವ ಮನಸ್ಸು ಇದ್ದಲ್ಲಿಯೇ ಕಲೆ.

ಹುಡುಗ ಆ ಗುಡಿಯಲ್ಲಿ ಮುಕ್ಕಾಲು ಗಂಟೆ ಕುಳಿತ. ನನಗೆ ಮೊದಲು ಕಾಲು ನೋವು, ಆಮೇಲೆ ನಾಚಿಕೆ. ಈ ಊರಿನಲ್ಲಿ ಇಷ್ಟು ವರ್ಷ ಇದ್ದು, ಬಂದ ನೆಂಟರನ್ನೆಲ್ಲ ಇಲ್ಲಿಗೆ ಕರೆತಂದು, ನಾನು ಒಮ್ಮೆಯೂ ಕುಳಿತು ನೋಡಿರಲಿಲ್ಲ.

ನಾವು ಹೀಗೆ ಅವಸರದಿಂದ ನೋಡುವುದಕ್ಕೆ ಒಂದು ಚರಿತ್ರೆಯಿದೆ. ನಮ್ಮ ಭಾಗದ ಕಲೆಗೆ ದೊರೆತ ಮೊದಲ ಚಿತ್ರಶಾಲೆ ಈ ನೆಲದ ಮೇಲೆ ಇರಲಿಲ್ಲ. ಅದು ಒಂದು ಪುಸ್ತಕ. 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾದ, ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಸಂಪುಟ. ಪಿಗೊ, ನೀಲ್, ಬಿಗ್ಸ್ ಎಂಬ ಮೂವರು ತೆಗೆದ ಛಾಯಾಚಿತ್ರಗಳು ಅದರಲ್ಲಿದ್ದವು. ಮೆಡೋಸ್ ಟೇಲರ್ ಚರಿತ್ರೆಯನ್ನೂ ಫರ್ಗ್ಯುಸನ್ ವಾಸ್ತುವಿನ ಟಿಪ್ಪಣಿಗಳನ್ನೂ ಬರೆದರು. ಅದಾದ ಅರುವತ್ತು ವರ್ಷಗಳಿಗೆ, 1926ರಲ್ಲಿ, ಪುರಾತತ್ತ್ವ ಇಲಾಖೆಯ ಹೆನ್ರಿ ಕಜಿನ್ಸ್ ಕನ್ನಡ ಜಿಲ್ಲೆಗಳ ಚಾಳುಕ್ಯ ವಾಸ್ತುಶಿಲ್ಪವನ್ನು ಕುರಿತು ಗ್ರಂಥವನ್ನು ಹೊರತಂದರು. ಗದಗು, ಲಕ್ಕುಂಡಿ, ಡಂಬಳ, ಲಕ್ಷ್ಮೇಶ್ವರಗಳು ವಿದ್ವಾಂಸರ ಕಣ್ಣಿಗೆ ಬಿದ್ದದ್ದು ಬಹುಮಟ್ಟಿಗೆ ಇಂಥ ಪುಟಗಳ ಮೂಲಕ.

ಈ ಮಹನೀಯರ ಉಪಕಾರವನ್ನು ಮರೆಯಬಾರದು. ಅವರು ಅಳತೆ ತೆಗೆದು, ನಕ್ಷೆ ಬರೆದು, ಚಿತ್ರ ಹಿಡಿಯದೆ ಇದ್ದಿದ್ದರೆ ಎಷ್ಟೋ ಸಂಗತಿಗಳು ಇಂದು ಗೊತ್ತೇ ಇರುತ್ತಿರಲಿಲ್ಲ. ಆದರೆ ಅವರ ಕ್ಯಾಮರಾಕ್ಕೆ ಒಂದು ಸ್ವಭಾವವಿತ್ತು. ಆ ಕಾಲದ ಛಾಯಾಗ್ರಹಣ ಬಹಳ ಹೊತ್ತು ಬೆಳಕನ್ನು ಬೇಡುತ್ತಿತ್ತು, ಅಲುಗಾಡುವುದೆಲ್ಲ ಮಸುಕಾಗಿಬಿಡುತ್ತಿತ್ತು. ಕಲ್ಲು ಅಲುಗುವುದಿಲ್ಲ, ಆದ್ದರಿಂದ ಕಲ್ಲು ಉಳಿಯಿತು. ಗಂಟೆ ಬಾರಿಸುವವ, ಹೂವು ಕಟ್ಟುವವಳು, ಮಗ್ಗದ ಮುಂದೆ ಕುಳಿತವ, ಗೋಡೆಗೆ ಬಣ್ಣ ಬಳಿಯುವವ ಚಿತ್ರಕ್ಕೆ ಸಿಗಲಿಲ್ಲ. ಅದು ಯಂತ್ರದ ಮಿತಿ. ಆದರೆ ಆ ಮಿತಿಯನ್ನೇ ನಾವು ರುಚಿಯೆಂದು ಕಲಿತುಕೊಂಡುಬಿಟ್ಟೆವು. ಜನ ಇಲ್ಲದ ಗುಡಿ ಕಲೆ, ಜನ ಇರುವ ಗುಡಿ ಗದ್ದಲ. ಹಳೆಯ ಕೈ ಶಿಲ್ಪಿ, ಇಂದಿನ ಕೈ ಕೂಲಿ. ಬೆಟಗೇರಿಯ ಓಣಿಯಲ್ಲಿ ಮಗ್ಗದ ಸಪ್ಪಳ ಕೇಳಿದರೆ ನಾವು ಅದನ್ನು ವ್ಯಾಪಾರವೆನ್ನುತ್ತೇವೆ, ಕಲೆಯೆನ್ನುವುದಿಲ್ಲ.

ಮಧ್ಯಾಹ್ನ ಲಕ್ಕುಂಡಿಗೆ ಹೋದೆವು. ಗದಗಿನಿಂದ ಹೊಸಪೇಟೆಯ ಹಾದಿಯಲ್ಲಿ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಅಲ್ಲಿಯ ಬ್ರಹ್ಮ ಜಿನಾಲಯ ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ್ದು. ಅಲ್ಲಿಯ ಶಾಸನ 1007ನೆಯ ಇಸವಿಯದು. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದ ಆ ಮಹಾತಾಯಿಯ ಹೆಸರು ಕನ್ನಡಿಗರಿಗೆ ಹೊಸದಲ್ಲ. ಆ ಬಸದಿಯ ಮಂಟಪದಲ್ಲಿ ನಾಲ್ಕು ಮುಖದ ಬ್ರಹ್ಮನ ಒಂದು ಮೂರ್ತಿಯಿದೆ. ಅರೆ ಬೆಳಕಿನಲ್ಲಿ ಅದು ನಿಂತಿರುವ ರೀತಿಯೇ ಒಂದು ಚಂದ. ನಾವು ಅದರ ಸುತ್ತ ಬರಬೇಕು. ಒಂದು ಮುಖ ಮರೆಯಾಗುತ್ತಿದ್ದಂತೆ ಇನ್ನೊಂದು ಮುಖ ಬೆಳಕಿಗೆ ಬರುತ್ತದೆ. ಸ್ಥಳ, ಬೆಳಕು, ನಮ್ಮ ನಡಿಗೆ ಮೂರೂ ಸೇರಿ ಆ ಮೂರ್ತಿ ಪೂರ್ಣವಾಗುತ್ತದೆ.

ಅದೇ ಊರಿನಲ್ಲಿ ಪುರಾತತ್ತ್ವ ಇಲಾಖೆಯ ಶಿಲ್ಪ ಸಂಗ್ರಹಾಲಯವೂ ಇದೆ. ಗುಡಿಗಳ ಮುಂದೆ ನಿಲ್ಲುವ ಬಸ್ಸುಗಳಲ್ಲಿ ಎಲ್ಲವೂ ಅಲ್ಲಿಯವರೆಗೆ ಬರುವುದಿಲ್ಲ. ಆದರೆ ಕಲೆಯನ್ನು ಕುರಿತು ಯೋಚಿಸುವವನು ಬರಬೇಕಾದ ಸ್ಥಳ ಅದೇ. ಏಕೆಂದರೆ ಗುಡಿಯಲ್ಲಿ ಹದಿನೈದು ಅಡಿ ಎತ್ತರದಲ್ಲಿದ್ದ ಕೆತ್ತನೆ ಇಲ್ಲಿ ಕಣ್ಣಿನ ಮಟ್ಟಕ್ಕೆ ಇಳಿದುಬರುತ್ತದೆ. ಉಳಿಯ ಗುರುತು ಕಾಣುತ್ತದೆ. ಮುಂಭಾಗವನ್ನು ಎಷ್ಟು ಮುದ್ದಿಸಿ ಮಾಡಿದ್ದಾರೆ, ಗೋಡೆಗೆ ಅಂಟುವ ಹಿಂಭಾಗವನ್ನು ಎಷ್ಟು ಒರಟಾಗಿ ಬಿಟ್ಟಿದ್ದಾರೆ ಎಂಬುದೂ ಗೊತ್ತಾಗುತ್ತದೆ. ಆ ಒರಟುತನದಲ್ಲಿ ನನಗೆ ಶಿಲ್ಪಿಯ ಸಂಸಾರವೇ ಕಂಡಂತಾಯಿತು. ಅವನಿಗೂ ಗಡುವಿತ್ತು, ಕೂಲಿಯ ಲೆಕ್ಕವಿತ್ತು. ಕಾಣದ ಕಡೆಗೆ ಶ್ರಮ ಪೋಲು ಮಾಡಬಾರದೆಂಬ ವಿವೇಕವಿತ್ತು.

ಸಂಗ್ರಹಾಲಯದ ಲಾಭ ಇದು. ನಷ್ಟವೂ ಉಂಟು. ಐಹೊಳೆಯ ಹುಚ್ಚಪ್ಪಯ್ಯನ ಗುಡಿಯ ಛಾವಣಿಯ ಬ್ರಹ್ಮ ವಿಷ್ಣು ಮಹೇಶ್ವರರ ಫಲಕಗಳು ಇಂದು ಮುಂಬಯಿಯ ದೊಡ್ಡ ವಸ್ತುಸಂಗ್ರಹಾಲಯದಲ್ಲಿವೆ. ಸುರಕ್ಷಿತವಾಗಿವೆ, ಸಾವಿರಾರು ಜನ ನೋಡುತ್ತಾರೆ. ಆದರೆ ತಲೆಯೆತ್ತಿ ನೋಡಬೇಕಾದುದನ್ನು ಎದುರಿಗೆ ನಿಂತು ನೋಡುತ್ತಾರೆ. ಕತ್ತು ನೋಯದೆ ಆಕಾಶವನ್ನು ನೋಡಿದ ಹಾಗೆ. ಲಕ್ಕುಂಡಿಯ ಸಂಗ್ರಹಾಲಯದ ಹೆಚ್ಚುಗಾರಿಕೆ ಏನೆಂದರೆ, ಕಲ್ಲು ಬಹಳ ದೂರ ಹೋಗಿಲ್ಲ. ಸಂಗ್ರಹಾಲಯದಿಂದ ಹೊರಬಿದ್ದು ಕಾಶಿ ವಿಶ್ವನಾಥನ ಗುಡಿಗೆ ನಡೆದುಹೋದರೆ ಅಂಥದೇ ಕಲ್ಲು ಅದರ ಸ್ವಸ್ಥಾನದಲ್ಲಿ ಸಿಗುತ್ತದೆ. ಪದಕೋಶವನ್ನು ನೋಡಿ ಕೂಡಲೇ ಕಾವ್ಯವನ್ನು ಓದಿದಂತೆ. ಇಂಥ ಅನುಕೂಲ ದೊಡ್ಡ ನಗರಗಳ ದೊಡ್ಡ ಸಂಗ್ರಹಾಲಯಗಳಿಗೂ ಇಲ್ಲ.

ಆದರೆ ಪದಕೋಶದಲ್ಲಿ ಪದಗಳಿಗೆ ಅರ್ಥ ಬರೆದಿರಬೇಕು. ನಾನು ಹಿಂದೊಮ್ಮೆ ಬೇರೊಂದು ಊರಿನ ಸಂಗ್ರಹಾಲಯದಲ್ಲಿ ಕಂಡ ಚೀಟಿಯೊಂದು ನೆನಪಿಗೆ ಬರುತ್ತದೆ. ಬಹು ಸುಂದರವಾದ ವಿಗ್ರಹದ ಕೆಳಗೆ "ಸ್ತ್ರೀ, ಸು. 11ನೆಯ ಶತಮಾನ" ಎಂದಿಷ್ಟೇ ಬರೆದಿತ್ತು. ಸ್ತ್ರೀ ಎಂಬುದು ನಮಗೂ ಕಾಣುತ್ತಿತ್ತು! ಬೇಕಾದದ್ದು ಮೂರು ಮಾತು. ಇದು ಎಲ್ಲಿ ಸಿಕ್ಕಿತು? ಕಟ್ಟಡದ ಯಾವ ಭಾಗದಲ್ಲಿತ್ತು? ಯಾವ ಕಲ್ಲು? ಈ ಮೂರನ್ನು ಹೇಳಿದರೆ ನೋಡುವವನು ಮಿಕ್ಕದ್ದನ್ನು ತಾನೇ ಕಟ್ಟಿಕೊಳ್ಳುತ್ತಾನೆ. ಉದಾಹರಣೆಗೆ ಕಲ್ಲಿನ ಮಾತನ್ನೇ ನೋಡಿ. ಬಾದಾಮಿ ಪಟ್ಟದಕಲ್ಲುಗಳಲ್ಲಿ ದಪ್ಪ ಹರಳಿನ ಮರಳುಗಲ್ಲು. ಲಕ್ಕುಂಡಿಯ ಹೊತ್ತಿಗೆ ಉಳಿಗೆ ಒಗ್ಗುವ ಬಳಪದ ಕಲ್ಲಿನ ಜಾತಿ. ಬ್ರಹ್ಮ ಜಿನಾಲಯ ಈ ಬದಲಾವಣೆಯ ಆರಂಭದ ನಿದರ್ಶನಗಳಲ್ಲಿ ಒಂದು. ಮೆತ್ತಗಿನ ಕಲ್ಲು ಬಂದ ಮೇಲೆ ಕೆತ್ತನೆ ಸೂಕ್ಷ್ಮವಾಯಿತು, ಕಂಬ ನುಣುಪಾಯಿತು, ಗೋಡೆ ಒಡವೆಯ ಪೆಟ್ಟಿಗೆಯಾಯಿತು. ಮುಂದೆ ಹೊಯ್ಸಳರ ಬೇಲೂರು ಹಳೇಬೀಡುಗಳಿಗೆ ಹಾದಿಯಾಯಿತು. ಇಷ್ಟನ್ನು ಒಂದು ಅಂಗೈಯಗಲದ ಹಲಗೆಯ ಮೇಲೆ ಬರೆಯಬಹುದು.

ಮರುದಿನ ಬೆಳಿಗ್ಗೆ ಬೆಟಗೇರಿಯ ವೀರಗಲ್ಲುಗಳನ್ನು ನೋಡಿ ಲಕ್ಷ್ಮೇಶ್ವರದ ಬಸ್ಸು ಹಿಡಿದೆವು. ವೀರಗಲ್ಲು ಎಂಬುದು ಕಲ್ಲಿನ ಮೇಲೆ ಬರೆದ ಚಿತ್ರಕಥೆ. ಕೆಳಗಿನ ಅಂಕಣದಲ್ಲಿ ಹೋರಾಟ, ನಡುವಿನದರಲ್ಲಿ ಅಪ್ಸರೆಯರು ಸತ್ತವನನ್ನು ಎತ್ತಿಕೊಂಡು ಹೋಗುವುದು, ಮೇಲಿನದರಲ್ಲಿ ಅವನು ದೇವರ ಸನ್ನಿಧಿ ಸೇರಿದ್ದು. ಅರಮನೆಯ ಶಿಲ್ಪದ ನಯ ಇದರಲ್ಲಿ ಇಲ್ಲದಿರಬಹುದು. ಆದರೆ ಇದು ಊರು ತನ್ನವನಿಗೆ ಮಾಡಿದ ಸ್ಮರಣೆ. ಗುಡಿಯ ಶಿಲ್ಪ ಕಟ್ಟಿಸಿದವನ ಹೆಸರನ್ನು ಉಳಿಸಿದರೆ ವೀರಗಲ್ಲು ಕಾದು ಸತ್ತವನ ಸುದ್ದಿಯನ್ನು ಉಳಿಸುತ್ತದೆ. ಒಂದು ಜಿಲ್ಲೆಯ ಕಲೆಯನ್ನು ಅಳೆಯುವಾಗ ಈ ಎರಡನ್ನೂ ತಕ್ಕಡಿಯಲ್ಲಿ ಇಡಬೇಡವೆ?

ಲಕ್ಷ್ಮೇಶ್ವರ ಎಂದರೆ ಹಳೆಯ ಪುಲಿಗೆರೆ. 941ರಲ್ಲಿ ವಿಕ್ರಮಾರ್ಜುನ ವಿಜಯವನ್ನು ಬರೆದ ಪಂಪ ತನ್ನ ಕನ್ನಡ ಈ ಪುಲಿಗೆರೆಯ ತಿರುಳ್ಗನ್ನಡವೆಂದು ಹೇಳಿಕೊಂಡ. ಭಾಷೆಯ ತಿರುಳು ಇಲ್ಲಿತ್ತೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಶಿಲ್ಪದ ತಿರುಳೂ ಇಲ್ಲಿದೆಯೆಂಬುದನ್ನು ಬಲ್ಲವರು ಕಡಿಮೆ. ಸೋಮೇಶ್ವರನ ಗುಡಿಯ ಗರ್ಭಗುಡಿಯಲ್ಲಿ ಶಿವಪಾರ್ವತಿಯರು ನಂದಿಯ ಮೇಲೆ ಕುಳಿತಿದ್ದಾರೆ. ಲಿಂಗವನ್ನು ನಿರೀಕ್ಷಿಸಿ ಹೋದವನ ಕಣ್ಣಿಗೆ ದಂಪತಿಗಳ ಸವಾರಿ ಎದುರಾಗುತ್ತದೆ. ಶಂಖ ಬಸದಿಯ ಸಹಸ್ರಕೂಟದಲ್ಲಿ ಸಾವಿರದಷ್ಟು ಪುಟ್ಟ ಜಿನಬಿಂಬಗಳು ಸಾಲುಗಟ್ಟಿ ಕುಳಿತಿವೆ. ಸರಸ್ವತಿಯ ಗುಡಿಯಲ್ಲಿ ನಾವು ಮೆಚ್ಚಿದ್ದು ಕಂಬಕಂಬಕ್ಕೂ ಇರುವ ವೈವಿಧ್ಯವನ್ನು. ಇಲ್ಲಿ ಮೆಚ್ಚಬೇಕಾದದ್ದು ಅದರ ವಿರುದ್ಧವನ್ನು, ಒಂದೇ ರೂಪವನ್ನು ಸಾವಿರ ಸಲ ಹೇಳುವ ಧ್ಯಾನವನ್ನು. ಇದೂ ಯಂತ್ರದ ಪುನರುಕ್ತಿಯಲ್ಲ. ಜಪದಲ್ಲಿ ಹೆಸರು ಒಂದೇ, ಪ್ರತಿ ಸಲದ ಉಸಿರು ಬೇರೆ. ಅದೇ ಊರಿನಲ್ಲಿ ಆದಿಲಶಾಹಿ ಕಾಲದ ಮಸೀದಿಯೂ ಇದೆ. ಮೂರು ಧರ್ಮಗಳ ಕಲ್ಲುಕೆಲಸವನ್ನು ಒಂದೇ ಬೆಳಗಿನಲ್ಲಿ ಕಾಲ್ನಡಿಗೆಯಿಂದ ನೋಡಬಹುದಾದ ಊರುಗಳು ಎಷ್ಟಿವೆ?

ಮುಂಡರಗಿ ತಾಲ್ಲೂಕಿನ ಡಂಬಳವನ್ನು ಸೇರಿಸಿಕೊಂಡರೆ ಈ ಪಟ್ಟಿ ಇನ್ನೂ ಬೆಳೆಯುತ್ತದೆ. ಅಲ್ಲಿಯ ದೊಡ್ಡಬಸಪ್ಪನ ಗುಡಿಯ ತಳವಿನ್ಯಾಸ ಇಪ್ಪತ್ತನಾಲ್ಕು ಮೊನೆಗಳ ನಕ್ಷತ್ರ. ಗೋಡೆ ನೇರವಾಗಿ ಓಡುವುದೇ ಇಲ್ಲ. ಹೆಜ್ಜೆಹೆಜ್ಜೆಗೆ ಮುರಿದು ತಿರುಗುತ್ತದೆ, ಬಿಸಿಲು ಒಂದೊಂದು ಮೊನೆಯ ಮೇಲೆ ಒಂದೊಂದು ಬಗೆಯಾಗಿ ಬೀಳುತ್ತದೆ. ಅದೇ ಡಂಬಳದ 1095ರ ಶಾಸನ ವರ್ತಕರು ಕಟ್ಟಿಸಿದ ಬೌದ್ಧ ವಿಹಾರವನ್ನೂ ತಾರಾದೇವಿಯ ಆರಾಧನೆಯನ್ನೂ ಹೇಳುತ್ತದೆ. ಬೌದ್ಧಧರ್ಮ ಕರ್ನಾಟಕದಿಂದ ಎಂದೋ ಮರೆಯಾಗಿತ್ತು ಎಂದು ತಿಳಿದವರಿಗೆ ಇದೊಂದು ಎಚ್ಚರಿಕೆ.

ಇಷ್ಟೆಲ್ಲ ಇದ್ದೂ ಇವು ಒಂದು ಮಾಲೆಯಾಗಿ ನಮ್ಮ ಮನಸ್ಸಿನಲ್ಲಿ ಏಕೆ ನಿಲ್ಲಲಿಲ್ಲ? ಅದಕ್ಕೆ ರಾಜಕೀಯದ ಕಾರಣವೂ ಇದೆ. ಸ್ವಾತಂತ್ರ್ಯಕ್ಕೆ ಮುಂಚೆ ಗದಗು ಮುಂಡರಗಿಗಳು ಮುಂಬಯಿ ಸರಕಾರದ ಧಾರವಾಡ ಜಿಲ್ಲೆಯವು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿಯದು. ಹತ್ತಾರು ಮೈಲಿಗಳ ಒಳಗೆ ಮೂರು ದರಬಾರು. ಮೈಸೂರಿನ ಮಹಾರಾಜರಿಗೆ ಜಗನ್ಮೋಹನ ಅರಮನೆಯಲ್ಲಿ ಚಿತ್ರಶಾಲೆಯನ್ನು ನೆಲೆಗೊಳಿಸುವುದು ಸಾಧ್ಯವಾಯಿತು. ನಮ್ಮ ಅರಸರು ಕೃಷ್ಣೆಯ ಆಚೆ ಕುಳಿತವರು. ಈ ಊರುಗಳಿಂದ ಅವರ ಕಡೆಗೆ ಕಂದಾಯ ಹೋಯಿತು, ಚಿತ್ರಶಾಲೆ ಈ ಕಡೆಗೆ ಬರಲಿಲ್ಲ. 1997ರಲ್ಲಿ ಗದಗು ಜಿಲ್ಲೆಯಾದಾಗ ನಾಲ್ಕೂ ಊರುಗಳು ಅದಕ್ಕೆ ಸೇರಿದವು. ಕಚೇರಿಗಳು ಒಂದಾದವು, ನೆನಪು ಇನ್ನೂ ಒಂದಾಗಬೇಕಾಗಿದೆ.

ಅರಸರು ಇಲ್ಲದ ಕಡೆ ಕಲೆಯನ್ನು ಸಾಕಿದವರು ಯಾರು? ಮಠಗಳು, ನಾಟಕ ಕಂಪನಿಗಳು, ಡ್ರಾಯಿಂಗ್ ಮಾಸ್ತರರು. ಈ ಮೂರನ್ನು ಬಿಟ್ಟು ಗದಗಿನ ಸೀಮೆಯ ಈಚಿನ ಕಲೆಯ ಮಾತಿಲ್ಲ.

ಶಿರಹಟ್ಟಿ ಎಂದರೆ ಫಕೀರೇಶ್ವರ ಮಠ, ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಗದ್ದುಗೆ. ಹಳಬರಿಗೆ ಅದು ಇನ್ನೊಂದು ಕಾರಣಕ್ಕೂ ನೆನಪು. ಶಿರಹಟ್ಟಿ ವೆಂಕೋಬರಾಯರ ಮಹಾಲಕ್ಷ್ಮೀ ಪ್ರಾಸಾದಿತ ನಾಟಕ ಮಂಡಳಿ ಆ ಊರಿನ ಹೆಸರನ್ನು ಕನ್ನಡ ನಾಡಿನಲ್ಲೆಲ್ಲ ಮೊಳಗಿಸಿತು. ಗದಗಿನಲ್ಲಿ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ. ಈ ಕಂಪನಿಗಳ ಸಂಗೀತವನ್ನು ಕುರಿತು ಬರೆದಿದ್ದಾರೆ, ಅಭಿನಯವನ್ನು ಕುರಿತು ಬರೆದಿದ್ದಾರೆ. ಪರದೆಗಳನ್ನು ಕುರಿತು ಬರೆದದ್ದು ತೀರ ಕಡಿಮೆ. ದರಬಾರಿನ ಪರದೆ, ಬೀದಿಯ ಪರದೆ, ಕಾಡಿನ ಪರದೆ! ಹಳ್ಳಿಯ ಮನುಷ್ಯ ಜೀವಮಾನದಲ್ಲಿ ಕಂಡ ಅತಿ ದೊಡ್ಡ ಚಿತ್ರ ಅದೇ. ದೂರದ ವಸ್ತು ಚಿಕ್ಕದಾಗಿ ಕಾಣುವ ಪಾಶ್ಚಾತ್ಯರ ಯಥಾದೃಷ್ಟಿಯನ್ನು ನಮ್ಮ ಜನ ಕಲಿತದ್ದು ಯಾವ ಶಾಲೆಯಲ್ಲಿಯೂ ಅಲ್ಲ, ಕಂಬಗಳ ಸಾಲು ಒಳಗೆ ಓಡಿಹೋಗುವ ಆ ದರಬಾರಿನ ಪರದೆಯ ಮುಂದೆ ನೆಲದ ಮೇಲೆ ಕುಳಿತು. ಪ್ರತಿ ರಾತ್ರಿ ಸುತ್ತಿ ಬಿಚ್ಚಿ, ಗಾಡಿಯ ಮೇಲೆ ಊರೂರು ಅಲೆದು, ಮಳೆಗೆ ನೆನೆದು, ಆ ಬಟ್ಟೆ ಹರಿಯಿತು. ಕಂಪನಿ ಮುಚ್ಚಿದ ಮೇಲೆ ಕಣದಲ್ಲಿ ರಾಶಿಗೆ ಹೊದಿಸಲು ಹೋದ ಪರದೆಗಳೂ ಇದ್ದಾವು.

ಡ್ರಾಯಿಂಗ್ ಮಾಸ್ತರರದು ಇನ್ನೊಂದು ಕಥೆ. ಮುಂಬಯಿಯ ಜೆ. ಜೆ. ಕಲಾಶಾಲೆ 1857ರಷ್ಟು ಹಳೆಯದು. ನಮ್ಮ ಭಾಗ ಆ ಪ್ರಾಂತಕ್ಕೆ ಸೇರಿದ್ದರಿಂದ ಚಿತ್ರ ಕಲಿಯುವ ಹುಡುಗರ ಮುಖ ಮುಂಬಯಿಯ ಕಡೆಗೆ ಇತ್ತು. ಅಲ್ಲಿ ಕಲಿತು ಬಂದ ಡಿ. ವಿ. ಹಾಲಭಾವಿಯವರು 1935ರಲ್ಲಿ ಧಾರವಾಡದಲ್ಲಿ ಕಲಾಶಾಲೆ ತೆರೆದರು. ಗದಗಿನಲ್ಲಿ ಟಿ. ಪಿ. ಅಕ್ಕಿಯವರು ವಿಜಯ ಕಲಾ ಮಂದಿರವನ್ನು ಕಟ್ಟಿದರು. ಜವಳಿ, ಹತ್ತಿ, ಅಚ್ಚುಕೂಟಗಳ ಊರಿನಲ್ಲಿ ಬಣ್ಣದ ಡಬ್ಬಿ ಹಿಡಿದು ಶಾಲೆ ನಡೆಸುವುದೆಂದರೆ ಸಾಮಾನ್ಯದ ಮಾತಲ್ಲ. ಇಂಥ ಶಾಲೆಗಳಲ್ಲಿ ಕಲಿತವರೇ ನಮ್ಮ ಊರೂರಿನ ಹೈಸ್ಕೂಲುಗಳಿಗೆ ಚಿತ್ರಕಲೆಯ ಮಾಸ್ತರರಾಗಿ ಹೋದರು, ಅಚ್ಚುಕೂಟಗಳಿಗೆ ಮುಖಪುಟ ಬರೆದರು, ಅಂಗಡಿಗಳಿಗೆ ಬೋರ್ಡು ಬರೆದರು, ಮಠಗಳಿಗೆ ಸ್ವಾಮಿಗಳ ಭಾವಚಿತ್ರ ಬರೆದುಕೊಟ್ಟರು.

ಈ ಪರಂಪರೆಯ ಕಲೆಯನ್ನು ಮೆಚ್ಚುವಾಗ ಅದರ ಮಿತಿಯನ್ನು ಮುಚ್ಚಿಡಬೇಕಾಗಿಲ್ಲ. ಪರೀಕ್ಷೆಗಾಗಿ ಕಲಿತ ಕೈ ಅದು. ಹೂಜಿ, ಹಣ್ಣು, ಮಡಿಕೆ ಬಿದ್ದ ಬಟ್ಟೆ ಎಲ್ಲ ಸರಿಯಾಗಿ ಬರುತ್ತವೆ. ಒಂದೊಂದು ಸಲ ಸರಿಯಾಗಿ ಬರುವುದೇ ಗುರಿಯಾಗಿಬಿಡುತ್ತದೆ. ಭಾವಚಿತ್ರಗಳಲ್ಲಿ ಹೋಲಿಕೆ ಇದೆ, ಭಾವ ಎಲ್ಲ ಕಡೆಗೂ ಇಲ್ಲ. ನಿಸರ್ಗಚಿತ್ರಗಳಲ್ಲಿ ಕಪ್ಪತಗುಡ್ಡ ಬಂದರೂ ಮೇಲಿನ ಆಕಾಶ ಒಮ್ಮೊಮ್ಮೆ ವಿಲಾಯತಿಯದಾಗಿರುತ್ತದೆ. ಆದರೆ ಇಷ್ಟು ಹೇಳಬೇಕಾದರೂ ಚಿತ್ರಗಳು ಕಣ್ಣ ಮುಂದೆ ಬೇಕಲ್ಲ? ಹೊಗಳುವುದಕ್ಕೂ ತೆಗಳುವುದಕ್ಕೂ ಸಾಲಾಗಿ ತೂಗುಹಾಕಿದ ಚಿತ್ರ ಬೇಕು. ಇವು ಇರುವುದು ಶಾಲೆಯ ಸಭಾಗೃಹದಲ್ಲಿ, ಮಠದ ಪಡಸಾಲೆಯಲ್ಲಿ, ವಕೀಲರ ಮನೆಯ ಮಹಡಿಯ ಮೆಟ್ಟಿಲ ಮೇಲೆ. ಗಾಜಿನ ಮೇಲೆ ಧೂಳು, ಮೂಲೆಯಲ್ಲಿ ಓದಲಾಗದ ಸಹಿ. ಯಾತ್ರಿಕರ ನಕ್ಷೆಯಲ್ಲಿ ಇಲ್ಲದ ಗದಗಿನ ಚಿತ್ರಶಾಲೆ ಇದೇ. ಅದು ನೂರು ಮನೆಗಳಲ್ಲಿ ಹಂಚಿಹೋಗಿದೆ.

ಇಲ್ಲಿ ನನ್ನ ಮನೆಯ ಮಾತನ್ನು ಹೇಳದೆ ನಿರ್ವಾಹವಿಲ್ಲ. ನಮ್ಮ ಪಡಸಾಲೆಯಲ್ಲಿ ನನ್ನ ಅಜ್ಜನ ಒಂದು ತೈಲಚಿತ್ರವಿತ್ತು. ಬಿಳಿಯ ಧೋತರ, ಕರಿಯ ಕೋಟು, ರುಮಾಲು, ಕೈಯಲ್ಲಿ ಬೆತ್ತ. ಊರಿನ ಚಿತ್ರಕಾರನೊಬ್ಬ ಅಜ್ಜನನ್ನು ಎದುರಿಗೆ ಕೂಡಿಸಿಕೊಂಡು ಬರೆದದ್ದು ಎಂದು ಅವ್ವ ಹೇಳುತ್ತಿದ್ದಳು. ಮನೆಯನ್ನು ರಿಪೇರಿ ಮಾಡಿಸಿದಾಗ ಹೊಸ ಗೋಡೆಗೆ ಆ ಹಳೆಯ ಚೌಕಟ್ಟು ಒಪ್ಪುವುದಿಲ್ಲವೆಂದು ನಾನೇ ಅದನ್ನು ಅಟ್ಟಕ್ಕೆ ಏರಿಸಿದೆ. ಒಂದು ಹಳೆಯ ಫೋಟೋವನ್ನು ದೊಡ್ಡದು ಮಾಡಿಸಿ, ಬಣ್ಣ ಹಾಕಿಸಿ, ಅದರ ಜಾಗದಲ್ಲಿ ತೂಗುಹಾಕಿದೆ. ಎಲ್ಲರೂ ಚೆನ್ನಾಗಿದೆ ಎಂದರು.

ಆ ರಾತ್ರಿ ಊಟವಾದ ಮೇಲೆ ಹುಡುಗ ಫೋಟೋವನ್ನು ನೋಡಿ, "ಅಮ್ಮ ಹೇಳುತ್ತಿದ್ದ ಪೇಂಟಿಂಗ್ ಎಲ್ಲಿ ಮಾಮಾ?" ಎಂದು ಕೇಳಿದ. ಬ್ಯಾಟರಿ ಹಿಡಿದು ಅಟ್ಟ ಹತ್ತಿದೆವು. ಗೆದ್ದಲು ಅಜ್ಜನ ಎಡಗೈಯನ್ನೂ ಬೆತ್ತವನ್ನೂ ತಿಂದಿತ್ತು. ಮುಖ ಉಳಿದಿತ್ತು. ಬಟ್ಟೆಯಿಂದ ಮೆಲ್ಲಗೆ ಒರೆಸಿದಾಗ ಕೆಳಗಿನ ಮೂಲೆಯಲ್ಲಿ ಕೆಂಪು ಬಣ್ಣದ ಎರಡು ಅಕ್ಷರ ಕಂಡವು, ಮುಂದಿನದು ಗೆದ್ದಲಿನ ಪಾಲು. "ಯಾರು ಬರೆದದ್ದು?" ಎಂದ ಹುಡುಗ. ನನಗೆ ಗೊತ್ತಿರಲಿಲ್ಲ. ಗೊತ್ತಿದ್ದ ಅವ್ವ ಈಗಿಲ್ಲ.

ಬೆಳಿಗ್ಗೆ ಅದನ್ನು ನಮ್ಮ ಓಣಿಯ ನಿವೃತ್ತ ಡ್ರಾಯಿಂಗ್ ಮಾಸ್ತರರೊಬ್ಬರಿಗೆ ತೋರಿಸಿದೆವು. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಸಹಿ ನೋಡಿ ಹೇಳಾಕ ಆಗಂಗಿಲ್ಲ. ಆದ್ರ ಕೈ ಕಲತ ಕೈ ಐತಿ. ಧೋತರದ ನಿರಿಗಿ ನೋಡ್ರಿ, ಬಿಳೀ ಬಣ್ಣ ಒಂದ ಕಡೆನೂ ಬರೇ ಬಿಳೀ ಹಚ್ಚಿಲ್ಲ" ಎಂದರು. ನಾವು ಬಗ್ಗಿ ನೋಡಿದೆವು. ನಿಜ. ನೀಲಿ ಇತ್ತು, ಹಳದಿ ಇತ್ತು, ಮಣ್ಣಿನ ಬಣ್ಣ ಇತ್ತು. ಎಲ್ಲ ಸೇರಿ ದೂರಕ್ಕೆ ಒಗೆದ ಧೋತರದಂತೆ ಕಾಣುತ್ತಿತ್ತು. ನಲವತ್ತು ವರ್ಷ ಆ ಚಿತ್ರದ ಕೆಳಗೆ ಕುಳಿತು ಊಟ ಮಾಡಿದವನು ನಾನು. ಆ ಧೋತರವನ್ನು ಕಂಡದ್ದು ಅಂದೇ.

ಶಿಲ್ಪಿಗಳು ತಮ್ಮ ಹೆಸರನ್ನು ಬರೆದಿಡಲಿಲ್ಲ ಎಂದು ನಾವು ಲಕ್ಕುಂಡಿಯಲ್ಲಿ ನಿಂತು ಹಳಹಳಿಸುತ್ತೇವೆ. ಹೆಸರು ಬರೆದವನನ್ನು ನಾವು ಏನು ಮಾಡಿದೆವು? ಅಟ್ಟಕ್ಕೆ ಹಾಕಿದೆವು. ಹನ್ನೊಂದನೆಯ ಶತಮಾನವನ್ನು ಕಾಯಲು ಇಲಾಖೆಯಿದೆ, ಕಾನೂನಿದೆ, ಕಾವಲುಗಾರನಿದ್ದಾನೆ. ಇಪ್ಪತ್ತನೆಯ ಶತಮಾನವನ್ನು ಕಾಯಬೇಕಾದವರು ನೀವು, ನಾನು.

ದೊಡ್ಡ ಕಟ್ಟಡವನ್ನು ನಾನು ಕೇಳುತ್ತಿಲ್ಲ. ಕಟ್ಟಡ ಮೊದಲು ಬಂದು ಚಿತ್ರ ಆಮೇಲೆ ಹುಡುಕುವ ಉತ್ಸಾಹ ನಮ್ಮಲ್ಲಿ ಧಾರಾಳವಾಗಿದೆ. ಮೊದಲು ಆಗಬೇಕಾದದ್ದು ಒಂದು ಪಟ್ಟಿ: ಯಾವ ಮನೆಯಲ್ಲಿ, ಯಾವ ಮಠದಲ್ಲಿ, ಯಾವ ಶಾಲೆಯಲ್ಲಿ, ಯಾರು ಬರೆದ ಯಾವ ಚಿತ್ರ. ನಾಟಕದ ಪರದೆಯ ತುಂಡು ಯಾರಲ್ಲಿಯಾದರೂ ಇದ್ದರೆ ಅದೂ. ವರ್ಷಕ್ಕೊಂದು ಸಲ, ಒಂದು ಶಾಲೆಯ ನಾಲ್ಕು ಕೋಣೆಗಳಲ್ಲಿ, ಮನೆಮನೆಯಿಂದ ಎರವಲು ತಂದು ತೂಗುಹಾಕಿದರೆ ಸಾಕು. ನೋಡಲು ಬಂದವರು, "ಇದು ನಮ್ಮ ಮನ್ಯಾಗೂ ಐತಿ" ಎನ್ನುತ್ತಾರೆ. ಆ ಮಾತಿನಿಂದ ಮುಂದಿನ ವರ್ಷದ ಚಿತ್ರ ಸಿಗುತ್ತದೆ. ನಿಮ್ಮ ಮನೆಯ ಗೋಡೆಯ ಮೇಲೆ ಇಂಥ ಚಿತ್ರವಿದ್ದರೆ, ಹಿರಿಯರು ಇನ್ನೂ ಇದ್ದಾಗಲೇ, ಬರೆದವರ ಹೆಸರನ್ನು ಕೇಳಿ ಹಿಂಭಾಗದಲ್ಲಿ ಬರೆದಿಡಿ. ಇದಕ್ಕೆ ಸರಕಾರದ ಮಂಜೂರಾತಿ ಬೇಕಾಗಿಲ್ಲ.

ಹುಡುಗ ಸಂಜೆಯ ಗಾಡಿಗೆ ಹೊರಟ. ನಿಲ್ದಾಣಕ್ಕೆ ಹೋಗುವಾಗ ಸಿಕ್ಕಿದ್ದು ಅದೇ ಆಟೋದವನು. "ಏನ್ ಸರ, ಪಿಕ್ಚರ್ ನೋಡಿದ್ರಿ?" ಎಂದು ಕೇಳಿದ. "ನೋಡಿದೆ" ಎಂದ ಹುಡುಗ. "ಚಲೋ ಇತ್ತ?" "ಬಹಳ ಚೆನ್ನಾಗಿತ್ತು. ಆದರೆ ಬರೆದವರ ಹೆಸರು ಹರಿದುಹೋಗಿತ್ತು."

ಅಜ್ಜನ ಚಿತ್ರ ಈಗ ಮತ್ತೆ ಪಡಸಾಲೆಯಲ್ಲಿದೆ. ಎಡಗೈ ಇಲ್ಲ, ಬೆತ್ತವಿಲ್ಲ. ಬಂದವರು ಅದೇಕೆ ಹಾಗೆ ಎಂದು ಕೇಳುತ್ತಾರೆ. ನಾನು ಆ ಕೆಂಪು ಅಕ್ಷರಗಳನ್ನು ತೋರಿಸಿ, ಇವು ಯಾರವೆಂದು ನಿಮಗೇನಾದರೂ ಗೊತ್ತೆ ಎಂದು ಕೇಳುತ್ತೇನೆ.